ಕಿವಿಯಲ್ಲಿ ತೂಗುವ ದೆವ್ವಗಳು: ಕೈಯಿಂದ ತಿದ್ದಿದ ಹಾರರ್ ಒಡವೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಹಾರರ್ ಸಿನಿಮಾಗಳ ಮುಖಗಳನ್ನು ನೋಡಿ ಪಾಲಿಮರ್ ಕ್ಲೇಯಲ್ಲಿ ಓಲೆ, ಪದಕ, ಉಂಗುರ ಮಾಡುವುದು ನನ್ನ ಕೆಲಸ. ಬೆಂಗಳೂರಿನ ವಾರಾಂತ್ಯದ ಸಂತೆಗಳಲ್ಲಿ ಮೇಜು ಹಾಕಿ ಕೂತರೆ ಕೊಳ್ಳುವವರಿಗಿಂತ ಕೇಳುವವರೇ ಜಾಸ್ತಿ. ಅರ್ಧ ಜನ ತಾವೇ ಮಾಡಲು ಶುರು ಮಾಡಿ ಎಲ್ಲೋ ಸಿಕ್ಕಿಹಾಕಿಕೊಂಡವರು. ಮಾಡುವುದು ಹೇಗೆ ಅನ್ನುವುದಕ್ಕಿಂತ, ಮಾಡಿದ್ದು ಸರಿ ಬಂದಿಲ್ಲ, ಹೇಗೆ ತಿದ್ದಲಿ ಅನ್ನುವುದೇ ಅವರ ಚಿಂತೆ. ಅಲ್ಲಿ ಹೇಳಿ ಹೇಳಿ ರೂಢಿಯಾದ ಉತ್ತರಗಳು ಇವು.

ಪಾಲಿಮರ್ ಕ್ಲೇ ಅಂದರೆ ಜೇಡಿಮಣ್ಣಾ?

ಅಲ್ಲ, ಹೆಸರಲ್ಲಿ ಮಾತ್ರ ಮಣ್ಣು. ಅದು ಪಿವಿಸಿ ಪುಡಿ, ಬಣ್ಣ ಮತ್ತು ಮೆತ್ತಗಿಡಲು ಬೆರೆಸಿದ ಎಣ್ಣೆಯಂಥ ಪದಾರ್ಥ. ಗಾಳಿಗೆ ಒಣಗುವುದಿಲ್ಲ, ಓವನ್ನಿನ ಬಿಸಿಗೆ ಗಟ್ಟಿಯಾಗುತ್ತದೆ. ಟೆರಾಕೋಟಾಗೆ ಬೇಕಾಗುವಂಥ ಗೂಡು ಬೇಡ. ಫಿಮೋ, ಪ್ರೀಮೋ, ಸೆರ್ನಿಟ್ ಎಲ್ಲ ಈ ಜಾತಿಯವೇ. ಶುರುವಿನವರಿಗೆಂದು ಮಾರುವ ತೀರ ಮೆತ್ತನೆಯ ಕ್ಲೇ ಮುಖಕ್ಕೆ ಆಗಿಬರುವುದಿಲ್ಲ. ಮೂಗು ತಿದ್ದುವಾಗ ಕೆನ್ನೆ ಜಾರುತ್ತದೆ. ಬೆಂದ ಮೇಲೆ ತೆಳು ಜಾಗ ಪಟ್ಟಂತ ಮುರಿಯುತ್ತದೆ. ಸ್ವಲ್ಪ ಗಟ್ಟಿಯದನ್ನೇ ತಗೊಳ್ಳಿ. ಹತ್ತು ನಿಮಿಷ ಚಪಾತಿ ಹಿಟ್ಟಿನ ಹಾಗೆ ನಾದಿದರೆ ಹೇಳಿದ ಮಾತು ಕೇಳುತ್ತದೆ.

ನಾನು ಮಾಡಿದ ದೆವ್ವ ಹೆದರಿಸುವುದಿಲ್ಲ, ನಗು ಬರಿಸುತ್ತದೆ. ಯಾಕೆ?

ನನ್ನ ಮೊದಲ ವ್ಯಾಂಪೈರ್ ಪದಕ ನೋಡಿ ನಮ್ಮಜ್ಜಿ, 'ಯಾರೇ ಈ ಯಜಮಾನರು, ಪಾಪ, ಹಲ್ಲುನೋವಾ?' ಅಂದರು. ನಾನು ಮೂರು ದಿನ ಕೂತು ಮಾಡಿದ್ದೆ. ಹುಬ್ಬು ಗಂಟಿಕ್ಕಿತ್ತು. ಹಣೆಯಲ್ಲಿ ಐದು ಗೆರೆ. ಬಾಯಿ ತೆರೆದು ನಾಲ್ಕು ಕೋರೆಹಲ್ಲು, ತುಟಿಯಂಚಿನಲ್ಲಿ ರಕ್ತ, ಕೋಟಿನ ಎತ್ತಿದ ಕಾಲರ್. ಸಾಲದು ಅಂತ ಕಾಲರ್ ಮೇಲೊಂದು ಬಾವಲಿ.

ತಪ್ಪು ಇದ್ದದ್ದೇ ಅಲ್ಲಿ. ಒಂದೂವರೆ ಇಂಚಿನೊಳಗೆ ಹೆದರಿಕೆಯ ಸಾಮಾನನ್ನೆಲ್ಲ ತುಂಬಿದ್ದೆ. ಕಣ್ಣಿಗೆ ನಿಲ್ಲಲು ಜಾಗವೇ ಇರಲಿಲ್ಲ.

1922ರ ಜರ್ಮನ್ ಮೂಕಿ ಚಿತ್ರ 'ನೊಸ್ಫೆರಾಟು'ವಿನ ವ್ಯಾಂಪೈರನ್ನು ಒಮ್ಮೆ ಗಮನಿಸಿ ನೋಡಿ. ಬೋಳು ತಲೆ, ಚೂಪು ಕಿವಿ, ಕೋರೆಹಲ್ಲಿನ ಬದಲು ಇಲಿಯ ಹಾಗೆ ಮುಂದಿನ ಎರಡು ಹಲ್ಲು, ಉದ್ದ ಬೆರಳು. ಅಷ್ಟೇ. ಸಿಟ್ಟಿಲ್ಲ, ಕಿರುಚಾಟವಿಲ್ಲ. ಮರದ ಕೊರಡಿನ ಹಾಗೆ ನೆಟ್ಟಗೆ ನಿಂತಿರುತ್ತಾನೆ. ಆ ಸಿನಿಮಾದಲ್ಲಿ ಎಲ್ಲರಿಗೂ ನೆನಪಿರುವುದು ಮೆಟ್ಟಿಲು ಹತ್ತುವ ಅವನ ನೆರಳು. ಅಲ್ಲಿ ಮುಖದ ಗೆರೆಗಳೇ ಕಾಣುವುದಿಲ್ಲ, ಆದರೂ ಬೆನ್ನು ಜುಮ್ಮೆನ್ನುತ್ತದೆ.

ಹಾಗಾಗಿ ನಾನು ಈಗ ಮುಖವನ್ನು ಮುಟ್ಟುವ ಮೊದಲು ನೆರಳು ಮಾಡುತ್ತೇನೆ. ಕಪ್ಪು ಕ್ಲೇಯನ್ನು ಎರಡು ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, ಆಕಾರದ ಹೊರಗೆರೆ ಮಾತ್ರ ಕತ್ತರಿಸಿ, ಬಿಳಿ ಹಾಳೆಯ ಮೇಲಿಟ್ಟು, ಮನೆಯವರನ್ನು ಕರೆದು 'ಇದ್ಯಾರು?' ಅಂತ ಕೇಳುತ್ತೇನೆ. ಯಾರೋ ಕೆಟ್ಟವನು ಅಂತಲಾದರೂ ಹೇಳಿದರೆ ಮುಂದುವರಿಯುತ್ತೇನೆ. ಗೊಂಬೆಯಾ, ಬೆಕ್ಕಾ, ಆಲೂಗಡ್ಡೆಯಾ ಅಂದರೆ ಮುದ್ದೆ ಮಾಡಿ ಮತ್ತೆ ಲಟ್ಟಿಸುವುದು. ಹೊರಗೆರೆ ಕೆಟ್ಟಿದ್ದರೆ ಒಳಗೆ ಏನೇ ತಿದ್ದಿದರೂ ದಂಡ.

ಇನ್ನೊಂದು ವಿಷಯ. ಸಿಟ್ಟಿನ ಮುಖ ಚಿಕ್ಕ ಅಳತೆಯಲ್ಲಿ ತಮಾಷೆಯಾಗಿ ಕಾಣುತ್ತದೆ. ಕಣ್ಣನ್ನು ತುಂಬ ಅಗಲಿಸಿದರೆ ದೆವ್ವವೇ ಯಾರಿಗೋ ಹೆದರಿದ ಹಾಗಿರುತ್ತದೆ. ಮೇಲಿನ ರೆಪ್ಪೆಯನ್ನು ಕೂದಲೆಳೆಯಷ್ಟು ಕೆಳಗಿಳಿಸಿ. ಬಾಯಿ ಮುಚ್ಚಿ. ಹುಬ್ಬು ತೆಗೆದುಬಿಡಿ. ಏನೂ ಅನ್ನಿಸದವನ ಹಾಗೆ ಸುಮ್ನೆ ನೋಡುವ ಮುಖ ಎಲ್ಲಕ್ಕಿಂತ ಕೆಟ್ಟದು. ಅಜ್ಜಿಯ ಆ ಯಜಮಾನರ ಬಾವಲಿ, ರಕ್ತ, ಹುಬ್ಬು, ಹಣೆಗೆರೆ ಎಲ್ಲ ಕಿತ್ತು ಹೊಸದಾಗಿ ಮಾಡಿದಾಗ ಅವರು ಅದನ್ನು ಮೇಜಿನ ಮೇಲೆ ಕವುಚಿ ಹಾಕಿ ಅಡುಗೆಮನೆಗೆ ಹೋದರು. ನನಗೆ ಅವತ್ತು ಸಿಕ್ಕಷ್ಟು ಖುಷಿ ಯಾವ ಗಿರಾಕಿಯಿಂದಲೂ ಸಿಕ್ಕಿಲ್ಲ.

ಎಷ್ಟು ವಿವರ ತುಂಬಬಹುದು?

ಓಲೆಯ ಮುಖ ಸಾಮಾನ್ಯವಾಗಿ ಎರಡರಿಂದ ಎರಡೂವರೆ ಸೆಂಟಿಮೀಟರ್. ನೀವು ಮಾಡುವಾಗ ಭೂತಗನ್ನಡಿ ಹಿಡಿದು ಮಾಡುತ್ತೀರಿ. ನೋಡುವವರು ಎರಡು ಮಾರು ದೂರದಿಂದ ನೋಡುತ್ತಾರೆ. ಸೂಜಿಯಲ್ಲಿ ಗೀರಿದ ಸಣ್ಣ ಸುಕ್ಕುಗಳೆಲ್ಲ ಬಣ್ಣ, ವಾರ್ನಿಷ್ ಬಿದ್ದ ಮೇಲೆ ಮುಚ್ಚಿಹೋಗುತ್ತವೆ. ಅದಕ್ಕೇ ಇರುವ ನಾಲ್ಕು ಗೆರೆಯನ್ನು ಆಳವಾಗಿ ತೆಗೆಯಿರಿ. ಕಣ್ಣಿನ ಗುಳಿ ನಿಜವಾದ ಮುಖದಲ್ಲಿ ಇರುವುದಕ್ಕಿಂತ ಆಳ ಇರಲಿ, ಕೆನ್ನೆಯ ಮೂಳೆ ಇನ್ನಷ್ಟು ಎದ್ದಿರಲಿ.

ಪರೀಕ್ಷೆ ಸುಲಭ. ಫೋನಿನಲ್ಲಿ ಫೋಟೋ ತೆಗೆದು ಕಪ್ಪು-ಬಿಳುಪು ಮಾಡಿ, ಪರದೆಯ ಮೇಲೆ ಉಗುರಿನಷ್ಟು ಚಿಕ್ಕದು ಮಾಡಿ ನೋಡಿ. ಆಗಲೂ ಎದ್ದು ಕಾಣುವುದು ಏನೋ ಅದೇ ನಿಮ್ಮ ವಿನ್ಯಾಸ. ಉಳಿದದ್ದನ್ನು ತೆಗೆಯಬಹುದು. ಕನ್ನಡಿಯಲ್ಲೂ ಒಮ್ಮೆ ಹಿಡಿದು ನೋಡಿ. ಸೊಟ್ಟ ಇದ್ದರೆ ತಕ್ಷಣ ಗೊತ್ತಾಗುತ್ತದೆ.

ಕಣ್ಣು ಯಾವಾಗಲೂ ಮೆಳ್ಳೆ ಆಗುತ್ತದೆ. ಏನು ಮಾಡಲಿ?

ಎಲ್ಲರೂ ಸೋಲುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು ಗುಡ್ಡೆ. ಎರಡೂ ಒಂದೇ ಗಾತ್ರ ಇರಬೇಕು, ಅದು ಅಂದಾಜಿನಲ್ಲಿ ಬರುವ ಮಾತಲ್ಲ. ಬಿಳಿ ಕ್ಲೇಯನ್ನು ಶಾವಿಗೆಯ ಹಾಗೆ ಎಳೆ ಮಾಡಿ, ಸ್ಕೇಲಿನ ಪಕ್ಕ ಇಟ್ಟು, ಸಮ ಅಳತೆಗೆ ಬ್ಲೇಡಿನಲ್ಲಿ ತುಂಡು ಮಾಡಿ. ಒಂದೊಂದು ತುಂಡನ್ನೂ ಅಂಗೈಯಲ್ಲಿ ಉರುಟಿದರೆ ಸಮನಾದ ಗುಂಡುಗಳು ಬರುತ್ತವೆ. ನನ್ನ ಅಳತೆಗಳೆಲ್ಲ ಅಡುಗೆಮನೆಯವು. ಪದಕಕ್ಕೆ ಸಾಸಿವೆ ಕಾಳು, ಓಲೆಗೆ ರಾಗಿ, ಉಂಗುರದ ಚಿಕ್ಕ ಮುಖಕ್ಕೆ ಗಸಗಸೆ. ಡಬ್ಬಿಯಿಂದ ನಾಲ್ಕು ಕಾಳು ತಂದು ಪಕ್ಕದಲ್ಲಿ ಇಟ್ಟುಕೊಳ್ಳಿ, ಹೋಲಿಸಲು ಬೇಕು.

ಈ ಗುಂಡುಗಳನ್ನು ಮೊದಲೇ ಬೇಯಿಸಿಬಿಡಿ. ಇದೊಂದು ಗೊತ್ತಾಗಲು ನನಗೆ ಎಂಟು ತಿಂಗಳು ಬೇಕಾಯಿತು. ಹಸಿ ಗುಡ್ಡೆಯ ಮೇಲೆ ರೆಪ್ಪೆ ಕೂರಿಸಲು ಹೋದರೆ ಗುಡ್ಡೆ ಚಪ್ಪಟೆಯಾಗುತ್ತದೆ, ನೋಟ ಸೊಟ್ಟಗಾಗುತ್ತದೆ. ಬೆಂದ ಗುಡ್ಡೆ ಕಲ್ಲಿನ ಹಾಗೆ ಕೂತಿರುತ್ತದೆ. ಅದರ ಮೇಲೆ ಹಸಿ ರೆಪ್ಪೆಯನ್ನು ಎಷ್ಟು ಸಲ ಬೇಕಾದರೂ ಎಳೆದು, ತೆಗೆದು, ಮತ್ತೆ ಕೂರಿಸಬಹುದು.

ಮುಖದಲ್ಲಿ ಗುಳಿಯನ್ನು ಗುಂಡು ತುದಿಯ ಕಡ್ಡಿಯಲ್ಲಿ ಒತ್ತಿ. ಎರಡೂ ಗುಳಿಯನ್ನು ಒಟ್ಟಿಗೆ ತೆಗೆಯಿರಿ, ಒಂದು ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ. ರೆಪ್ಪೆ ಅಂದರೆ ಅಕ್ಕಿಕಾಳಿಗಿಂತ ತೆಳುವಾದ ಎಳೆ, ಎರಡು ತುದಿಯೂ ಚೂಪು. ಸಿಲಿಕಾನ್ ತುದಿಯ ಕಡ್ಡಿಯಿಂದ ಹೊರಗಿನ ಅಂಚನ್ನು ಮಾತ್ರ ಮುಖಕ್ಕೆ ಸವರಿ. ಒಳ ಅಂಚು ಹಾಗೇ ಎದ್ದಿರಲಿ, ಅದರ ನೆರಳು ಗುಡ್ಡೆಯ ಮೇಲೆ ಬೀಳಬೇಕು.

ಪಾಪೆಯ ಚುಕ್ಕಿ ಇಡುವಾಗ ಬ್ರಷ್ ಬೇಡ. ಸೂಜಿಯ ಹಿಂಬದಿಗೆ ಬಣ್ಣ ಮುಟ್ಟಿಸಿ ಇಡಿ. ಎರಡನೆಯ ಚುಕ್ಕಿಯನ್ನು ಮತ್ತೆ ಬಣ್ಣ ಅದ್ದದೆ ಇಟ್ಟರೆ ಚಿಕ್ಕದಾಗುತ್ತದೆ, ಪ್ರತಿ ಸಲ ಅದ್ದಿ. ಎರಡೂ ಚುಕ್ಕಿ ಕೂದಲೆಳೆಯಷ್ಟು ಹೊರಕ್ಕೆ ಹೋದರೆ ಕುರಿ. ಕೂದಲೆಳೆಯಷ್ಟು ಒಳಕ್ಕೆ ಬಂದರೆ ನಿಮ್ಮನ್ನೇ ನೋಡುತ್ತಿರುವ ಏನೋ ಒಂದು. ನಮಗೆ ಬೇಕಾದದ್ದು ಎರಡನೆಯದು. ಕೊನೆಗೆ ಗುಡ್ಡೆಗೆ ಮಾತ್ರ ಹೊಳೆಯುವ ವಾರ್ನಿಷ್, ಮುಖಕ್ಕೆ ಹೊಳಪಿಲ್ಲದ್ದು. ಒದ್ದೆ ಕಣ್ಣು, ಒಣ ಚರ್ಮ. ಜೀವ ಬರುವುದೇ ಅಲ್ಲಿ.

ಹಲ್ಲು ಕಟ್ಟಿಸಿದ ಹಾಗೆ ಕಾಣುತ್ತದೆ.

ಅಚ್ಚ ಬಿಳಿ ಹಾಕಿದ್ದೀರಿ, ಅದಕ್ಕೇ. ಪಾರದರ್ಶಕ ಕ್ಲೇ ಎರಡು ಪಾಲು, ಬಿಳಿ ಒಂದು ಪಾಲು, ಹಳದಿ ಗಸಗಸೆಯಷ್ಟು. ಬುಡದಲ್ಲಿ ಕಂದು ಬಣ್ಣದ ಒಂದು ಗೆರೆ. ಎಲ್ಲ ಹಲ್ಲೂ ಒಂದೇ ಎತ್ತರ ಬೇಡ.

ಬೆರಳಚ್ಚು ಹೋಗುತ್ತಿಲ್ಲ.

ಬೇಯಿಸುವ ಮೊದಲು ಇಯರ್ ಬಡ್ಡಿಗೆ ಒಂದೇ ಹನಿ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಮೆಲ್ಲಗೆ ಸವರಿ. ಜಾಸ್ತಿ ಹಾಕಿದರೆ ಮೇಲ್ಮೈ ಲೊಳೆಲೊಳೆ ಆಗುತ್ತದೆ. ಬೆಂದ ಮೇಲೆ ಉಳಿದದ್ದಕ್ಕೆ ಹಾರ್ಡ್‌ವೇರ್ ಅಂಗಡಿಯ ವಾಟರ್ ಪೇಪರ್, ಅಂದರೆ ನೀರಿನಲ್ಲಿ ಉಜ್ಜುವ ಮರಳುಕಾಗದ. ಒರಟಿನ 400ರಿಂದ ನುಣುಪಿನ 600, 1000 ಹೀಗೆ ಏರುತ್ತಾ ನೀರಿನೊಳಗೇ ಉಜ್ಜಿ. ಒಣ ಉಜ್ಜಿದರೆ ಪುಡಿ ಮೂಗಿಗೆ ಹೋಗುತ್ತದೆ, ಬೇಡ.

ಬಿಳಿ ದೆವ್ವ ಮಾಡುವ ದಿನ ಕೆಂಪು ಸ್ವೆಟರ್ ಹಾಕಿಕೊಂಡು ಕೂರಬೇಡಿ. ಬಿಳಿ ಕ್ಲೇ ಮನೆಯಲ್ಲಿರುವ ಪ್ರತಿ ನೂಲು, ಪ್ರತಿ ಬೆಕ್ಕಿನ ಕೂದಲನ್ನೂ ಕರೆದು ಅಂಟಿಸಿಕೊಳ್ಳುತ್ತದೆ.

ಬೇಯಿಸುವಾಗ ಕಂದು ಬಣ್ಣಕ್ಕೆ ತಿರುಗಿತು. ಓವನ್ 130ಕ್ಕೇ ಇಟ್ಟಿದ್ದೆ.

ಓವನ್ನಿನ ತಿರುಗುಗುಬ್ಬಿ ಹೇಳುವ ಅಂಕಿಯನ್ನು ನಂಬಬೇಡಿ. ನನ್ನ ಹಳೆಯ ಓಟಿಜಿ 130 ಅಂದಾಗ ಒಳಗೆ ಇಟ್ಟ ಥರ್ಮಾಮೀಟರ್ 165 ತೋರಿಸಿತು. ಅಷ್ಟರಲ್ಲಿ ಹನ್ನೆರಡು ಅಸ್ಥಿಪಂಜರ ಕೈಗಳು ಬಿಸ್ಕತ್ತಾಗಿದ್ದವು. ಓವನ್ ಒಳಗೆ ಇಡುವ ಥರ್ಮಾಮೀಟರಿಗೆ ಖರ್ಚು ಮಾಡಿ, ಬೇರೆ ಉಪಕರಣವೆಲ್ಲ ಆಮೇಲೆ.

ಪ್ರತಿ ಬ್ರ್ಯಾಂಡಿನ ಬಿಸಿ ಬೇರೆ. ಫಿಮೋಗೆ 110 ಡಿಗ್ರಿ, ಪ್ರೀಮೋಗೆ ಸುಮಾರು 135. ಪೊಟ್ಟಣದ ಮೇಲೆ ಬರೆದಿರುತ್ತದೆ. ಅರ್ಧ ಗಂಟೆ ಅಂತಿದ್ದರೆ ಮುಕ್ಕಾಲು ಗಂಟೆ ಇಟ್ಟರೂ ಹಾಳಾಗುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ. ಆದರೆ ಬಿಸಿ ಮಾತ್ರ ಮೀರಬಾರದು. ಕಡಿಮೆ ಬಿಸಿಯಲ್ಲಿ ಬೆಂದದ್ದು ಹೊರಗೆ ಚೆನ್ನಾಗಿ ಕಂಡರೂ ಬಿದ್ದ ದಿನ ಎರಡಾಗುತ್ತದೆ. ನೆಲಕ್ಕೆ ಹಾಕುವ ಟೈಲಿನ ತುಂಡಿನ ಮೇಲಿಟ್ಟು, ಮೇಲೆ ಅಲ್ಯೂಮಿನಿಯಂ ಫಾಯಿಲ್ಲಿನ ಗುಡಾರ ಕಟ್ಟಿ. ಬಿಳಿ ಬಿಳಿಯಾಗೇ ಉಳಿಯುತ್ತದೆ.

ಕ್ಲೇ ಸುಟ್ಟು ಹೊಗೆ ಬಂದರೆ ಓವನ್ ಆರಿಸಿ, ಕಿಟಕಿ ತೆಗೆದು, ಕೋಣೆಯಿಂದ ಹೊರಗೆ ಬನ್ನಿ. ಪಿವಿಸಿ ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ, ಕಣ್ಣು ಗಂಟಲು ಉರಿಯುತ್ತದೆ. ತವಾ, ಕುಕ್ಕರ್, ಮೈಕ್ರೋವೇವ್ ಇವುಗಳ ಪ್ರಯೋಗ ಬೇಡ. ಇದಕ್ಕೆಂದೇ ಒಂದು ಹಳೆಯ ಓವನ್ ಇದ್ದರೆ ಒಳ್ಳೆಯದು. ಒಮ್ಮೆ ಕ್ಲೇಗೆ ಬಳಸಿದ ಲಟ್ಟಣಿಗೆ ಮತ್ತೆ ಚಪಾತಿಗೆ ಬೇಡ.

ಬೇಸಿಗೆಯಲ್ಲಿ ಕ್ಲೇ ಕೈಗೆ ಅಂಟುತ್ತದೆ. ಮಂಗಳೂರಿನಲ್ಲಂತೂ ಆಗುವುದೇ ಇಲ್ಲ.

ಬಿಳಿ ಕಾಗದದ ಮೇಲೆ ಲಟ್ಟಿಸಿದ ಕ್ಲೇ ಹಾಸಿ, ಮೇಲೊಂದು ಕಾಗದ ಮುಚ್ಚಿ, ಪುಸ್ತಕ ಹೇರಿ ಒಂದು ರಾತ್ರಿ ಬಿಡಿ. ಎಣ್ಣೆ ಕಾಗದಕ್ಕೆ ಇಳಿದು ಕ್ಲೇ ಗಟ್ಟಿಯಾಗುತ್ತದೆ. ಕೈಯನ್ನು ಆಗಾಗ ತಣ್ಣೀರಿಗೆ ಅದ್ದಿ ಒರೆಸಿಕೊಳ್ಳಿ. ಏಪ್ರಿಲ್, ಮೇನಲ್ಲಿ ಕ್ಲೇ ತರಿಸಬೇಡಿ. ಬಿಸಿಲಿನಲ್ಲಿ ನಿಂತ ಕೊರಿಯರ್ ಗಾಡಿಯಲ್ಲೇ ಅರ್ಧ ಬೆಂದು ಬರುವುದೂ ಉಂಟು.

ಎರಡು ಓಲೆಯೂ ಒಂದೇ ರೀತಿ ಬರುವುದಿಲ್ಲ. ಅಚ್ಚು ಬಳಸಿದರೆ ಮೋಸವಾ?

ಮೋಸ ಯಾಕೆ? ಒಂದು ಮುಖವನ್ನು ಕೈಯಿಂದ ತಿದ್ದಿ, ಸಿಲಿಕಾನಿನಲ್ಲಿ ಅಚ್ಚು ತೆಗೆದು, ಅದರಿಂದ ಬಂದದ್ದನ್ನು ಮತ್ತೆ ಕೈಯಿಂದ ಚೂಪು ಮಾಡಿದರೆ ಅದೂ ಕೈಕೆಲಸವೇ. ಆದರೆ ಕೊಳ್ಳುವವರಿಗೆ ಹೇಳಿ. ಅಚ್ಚಿನದ್ದಕ್ಕೂ ಪೂರ್ತಿ ಕೈಯಿಂದ ತಿದ್ದಿದ್ದಕ್ಕೂ ನಾನು ಬೇರೆ ಬೇರೆ ಬೆಲೆ ಇಡುತ್ತೇನೆ.

ಅಚ್ಚಿಲ್ಲದೆ ಮಾಡುವುದಾದರೆ ಎರಡನ್ನೂ ಪಕ್ಕಪಕ್ಕ ಇಟ್ಟು ಒಂದೊಂದೇ ಹೆಜ್ಜೆ ಒಟ್ಟಿಗೆ ಮಾಡಿ. ಎಡದ ಮೂಗು, ಬಲದ ಮೂಗು, ಎಡದ ಗಲ್ಲ, ಬಲದ ಗಲ್ಲ. ಅಷ್ಟಾದರೂ ಅಣ್ಣತಮ್ಮಂದಿರ ಹಾಗೆ ಬರುತ್ತವೆ, ಅವಳಿಗಳ ಹಾಗಲ್ಲ. ಪರವಾಗಿಲ್ಲ. ನಡುವೆ ಒಂದು ತಲೆ ಇರುತ್ತದೆ, ಎರಡನ್ನೂ ಒಟ್ಟಿಗೆ ಯಾರೂ ನೋಡುವುದಿಲ್ಲ. ಪಕ್ಕನೋಟದ ಮುಖವಾದರೆ ಮಾತ್ರ ಒಂದನ್ನು ತಿರುಗಿಸಿ ಮಾಡಿ. ಎರಡೂ ಒಂದೇ ದಿಕ್ಕಿಗೆ ನೋಡಿದರೆ ವಿಚಿತ್ರ.

ಬಣ್ಣ ಬಳಿದ ಮೇಲೆ ತಿದ್ದಿದ್ದೆಲ್ಲ ಮಾಯವಾಗುತ್ತದೆ.

ಬಳಿದು ಬಿಡಬೇಡಿ, ಬಳಿದು ಒರೆಸಿ. ಗಾಢ ಕಂದು ಅಕ್ರಿಲಿಕ್ ಬಣ್ಣವನ್ನು ನೀರು ಮಾಡಿಕೊಂಡು ಮುಖದ ತುಂಬ ಹಚ್ಚಿ. ಅರ್ಧ ನಿಮಿಷ ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಿಬಿಡಿ. ಉಬ್ಬಿನಿಂದ ಬಣ್ಣ ಹೋಗುತ್ತದೆ, ಗುಳಿಯಲ್ಲಿ ಉಳಿಯುತ್ತದೆ. ಅಚ್ಚ ಕಪ್ಪು ಬಳಸಿದರೆ ಮಸಿ ಹಿಡಿದ ಪಾತ್ರೆಯಂತಾಗುತ್ತದೆ, ಕಂದೇ ಸರಿ.

ಮೂಕಿ ಚಿತ್ರದ ಪಾತ್ರಗಳನ್ನು ಬೂದು ಬಣ್ಣಗಳಲ್ಲೇ ಮಾಡಿ ಅಂತ ನನ್ನ ಸಲಹೆ. ನಾವು ನೋಡಿ ರೂಢಿಯಾದದ್ದೇ ಹಾಗೆ. ಚರ್ಮಕ್ಕೆ ಚರ್ಮದ ಬಣ್ಣ ಹಾಕಿದ ಕೂಡಲೇ ಅದು ಪಕ್ಕದ ಮನೆಯವರಾಗುತ್ತದೆ.

ಆರು ತಿಂಗಳಾದರೂ ಮೇಲ್ಮೈ ಅಂಟಂಟು. ಯಾಕೆ?

ಉಗುರುಬಣ್ಣ ಹಚ್ಚಿದ್ದೀರಾ? ಬಹಳ ಜನ ಹೊಳಪಿಗೆ ಪಾರದರ್ಶಕ ನೇಲ್ ಪಾಲಿಶ್ ಹಚ್ಚುತ್ತಾರೆ. ಅದರಲ್ಲಿರುವ ದ್ರಾವಕ ಪಾಲಿಮರ್ ಕ್ಲೇಯ ಜೊತೆ ಸೇರಿ ನಿಧಾನವಾಗಿ ಅದನ್ನು ಮೆತ್ತಗೆ ಮಾಡುತ್ತದೆ. ಸ್ಪ್ರೇ ವಾರ್ನಿಷ್‌ಗಳಲ್ಲೂ ಹಲವಕ್ಕೆ ಇದೇ ಕಾಯಿಲೆ. ನೀರಿನಲ್ಲಿ ಕರಗುವ ಪಾಲಿಯುರೇಥೇನ್ ವಾರ್ನಿಷ್ ಅಥವಾ ಯುವಿ ರೆಸಿನ್ (ಅತಿನೇರಳೆ ಬೆಳಕಿಗೆ ಗಟ್ಟಿಯಾಗುವ ಅಂಟು) ಬಳಸಿ. ಒಂದು ತುಂಡಿಗೆ ಹಚ್ಚಿ ಒಂದು ತಿಂಗಳು ಬಿಟ್ಟು ನೋಡಿ, ಆಮೇಲೆ ಮಾರುವ ಮಾಲಿಗೆ ಹಚ್ಚಿ.

ಕತ್ತಲಲ್ಲಿ ಹೊಳೆಯುವ ಹಾಗೆ ಮಾಡಬಹುದಾ?

ಸ್ಟ್ರಾನ್ಷಿಯಂ ಅಲ್ಯೂಮಿನೇಟ್ ಪುಡಿ ಪಾರದರ್ಶಕ ಕ್ಲೇಗೆ ಬೆರೆಸಿ. ಅಗ್ಗದ ಜಿಂಕ್ ಸಲ್ಫೈಡ್ ಪುಡಿ ಸ್ವಲ್ಪ ಹೊತ್ತಿಗೇ ಮಂಕಾಗುತ್ತದೆ. ಇಡೀ ಮುಖ ಹೊಳೆಸಬೇಡಿ. ಕಣ್ಣಿನ ಗುಳಿಯ ತಳದಲ್ಲಿ ಮಾತ್ರ ಇಡಿ. ಪುಡಿ ಬೆರೆಸುವಾಗ ಮಾಸ್ಕ್ ಹಾಕಿ.

ಪದಕ ಹಾಕಿಕೊಂಡರೆ ಮುಖ ನೆಲ ನೋಡುತ್ತದೆ.

ಮೂಗು, ಗಲ್ಲ ಮುಂದೆ ಚಾಚಿರುವುದರಿಂದ ಭಾರ ಮುಂದೆ ಇದೆ, ಕೊಂಡಿ ಹಿಂದೆ ಇದೆ. ಅದಕ್ಕೇ ಬಾಗುತ್ತದೆ. ಎರಡು ದಾರಿ. ಒಂದು, ಕೊಂಡಿಯನ್ನು ಹಣೆಯ ಮೇಲೆ ಇನ್ನಷ್ಟು ಮುಂದಕ್ಕೆ ತನ್ನಿ. ಎರಡು, ಒಂದರ ಬದಲು ಎರಡು ಕೊಂಡಿ ಹಾಕಿ ಸರವನ್ನು ಪದಕದ ಮುಖದ ಎರಡು ಕಿವಿಯ ಹಿಂದಿನಿಂದ ತನ್ನಿ, ಮಗುಚುವುದೂ ನಿಲ್ಲುತ್ತದೆ.

ಒಳಗೆ ಗಟ್ಟಿ ಕ್ಲೇ ತುಂಬಬೇಡಿ. ಫಾಯಿಲ್ ಮುದ್ದೆ ಮಾಡಿ ಚಮಚದ ಹಿಂಬದಿಯಲ್ಲಿ ಉಜ್ಜಿ ನುಣುಪು ಮಾಡಿ, ಮೇಲೆ ಮೂರು ಮಿಲಿಮೀಟರ್ ಕ್ಲೇ ಹೊದಿಸಿ. ಹಗುರವಾಗುತ್ತದೆ, ಬಿರುಕೂ ಬಿಡುವುದಿಲ್ಲ. ಒಂದು ಓಲೆ ಎಂಟು ಗ್ರಾಂ ದಾಟಿದರೆ ನಾನು ಮತ್ತೆ ಬಿಚ್ಚುತ್ತೇನೆ. ಐ ಪಿನ್ನನ್ನು, ಅಂದರೆ ತುದಿಯಲ್ಲಿ ಬಳೆಯಿರುವ ಕೊಂಡಿಯ ತಂತಿಯನ್ನು, ಸುಮ್ನೆ ಚುಚ್ಚಿ ಬಿಡಬೇಡಿ. ಕಾಲನ್ನು ಕೊಕ್ಕೆಯ ಹಾಗೆ ಬಗ್ಗಿಸಿ ಹಸಿ ಇರುವಾಗಲೇ ಹೂತುಬಿಡಿ, ಇಲ್ಲದಿದ್ದರೆ ಒಂದು ದಿನ ಬಸ್ಸಿನಲ್ಲಿ ದೆವ್ವ ಉದುರುತ್ತದೆ.

ಚೂಪು ಕಿವಿ, ಕೊಂಬು, ಉಗುರು ಮುರಿಯುತ್ತವೆ.

ಒಳಗೆ 28 ಗೇಜಿನ ತಂತಿ ಇಡಿ. ಅದಕ್ಕಿಂತ ಮುಖ್ಯ, ಅಷ್ಟು ಚೂಪು ಬೇಕಾ ಅಂತ ಯೋಚಿಸಿ. ನಮ್ಮಕ್ಕ ಮದುವೆಗೆ ಉಟ್ಟ ಮೈಸೂರು ಸಿಲ್ಕ್ ಸೀರೆಯ ಸೆರಗಿನಿಂದ ನನ್ನ ಒಂದು ಪದಕ ಒಂದು ಗೇಣು ನೂಲು ಎಳೆದಿತ್ತು. ಆ ಮಾತು ಇವತ್ತಿಗೂ ಮುಗಿದಿಲ್ಲ. ಅವತ್ತಿನಿಂದ ಬೆಂದ ಪ್ರತಿ ತುಂಡನ್ನೂ ಹಳೆಯ ಶಿಫಾನ್ ದುಪಟ್ಟಾದ ಮೇಲೆ ಎಳೆದು ನೋಡುತ್ತೇನೆ. ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿ ಉಜ್ಜುವುದು. ಮುಂದಿನಿಂದ ನೋಡಿದಾಗ ಚೂಪಾಗಿ ಕಂಡರೆ ಸಾಕು, ಮುಟ್ಟಿದಾಗ ಮೊಂಡಾಗಿರಬೇಕು. ಕಿವಿಯ ತುದಿಯನ್ನು ತಲೆಗೆ ಅಂಟಿಸಿಯೂ ಚೂಪು ತೋರಿಸಬಹುದು.

ಕಿವಿ ತುರಿಸುತ್ತದೆ ಅನ್ನುತ್ತಾರೆ.

ಕ್ಲೇ ಅಲ್ಲ, ಬಹುತೇಕ ಕೊಕ್ಕೆಯಲ್ಲಿರುವ ನಿಕ್ಕಲ್. ಅಗ್ಗದ ಕೊಕ್ಕೆ ಬಿಟ್ಟು ಟೈಟಾನಿಯಂ ಅಥವಾ 92.5 ಬೆಳ್ಳಿ ಹಾಕಿ.

ಇದನ್ನೇ ಬೆಳ್ಳಿಯಲ್ಲಿ ಮಾಡಿಸಬಹುದಾ?

ಮಾಡಿಸಬಹುದು. ಆದರೆ ಬೆಂದ ಕ್ಲೇಯನ್ನು ನೇರವಾಗಿ ಎರಕಕ್ಕೆ ಕೊಡಲಾಗದು. ಮೇಣದ ಹಾಗೆ ಅದು ಕರಗಿ ಹೋಗುವುದಿಲ್ಲ. ಸಿಲಿಕಾನ್ ಅಚ್ಚು ತೆಗೆದು, ಅದಕ್ಕೆ ಮೇಣ ತುಂಬಿಸಿ, ಆ ಮೇಣದಿಂದ ಎರಕ. ಇಲ್ಲವೇ ಮೊದಲಿನಿಂದಲೇ ಮೇಣದಲ್ಲಿ ಕೆತ್ತಿ. ಕೆತ್ತುವ ಮೇಣದಲ್ಲಿ ಸಾಮಾನ್ಯವಾಗಿ ಹಸಿರು ಗಟ್ಟಿ, ನೀಲಿ ಮೆತ್ತನೆಯದು, ನೇರಳೆ ನಡುವಿನದು. ಚಿಕ್ಕ ಮುಖಕ್ಕೆ ಹಸಿರೇ ಸರಿ.

ನಾನು ಬೆಂಗಳೂರಿನ ನಗರ್ತಪೇಟೆಯ ಒಬ್ಬ ಎರಕದವರ ಹತ್ತಿರ ಕೊಡುತ್ತೇನೆ. ಮೊದಲ ಸಲ ಹೋದಾಗ ಅವರು ಮೇಣದ ತಲೆಯನ್ನು ಬೆಳಕಿಗೆ ಹಿಡಿದು, 'ಮೇಡಂ, ಈ ಸಣ್ಣ ಗೆರೆ ಎಲ್ಲ ಪಾಲಿಶ್‌ಗೆ ಹೋಗ್ಬಿಡತ್ತೆ, ಇನ್ನೂ ಆಳ ತೆಗೀರಿ' ಅಂದರು. ಕೇಳಲಿಲ್ಲ, ಗೆರೆ ಹೋಯಿತು. ಈಗ ಬೆಳ್ಳಿಗೆ ಕೊಡುವ ಮುಖವನ್ನು ಕ್ಲೇಗಿಂತ ಎರಡರಷ್ಟು ಆಳವಾಗಿ ಕೆತ್ತುತ್ತೇನೆ. ಹಿಂಬದಿಯನ್ನು ದೋಣಿಯ ಹಾಗೆ ಟೊಳ್ಳು ಮಾಡುತ್ತೇನೆ. ಬೆಳ್ಳಿ ಕ್ಲೇಗಿಂತ ಹಲವು ಪಟ್ಟು ಭಾರ, ತೂಕದ ಮೇಲೇ ದುಡ್ಡು. ಕೊನೆಗೆ ಗಂಧಕದ ದ್ರಾವಣದಲ್ಲಿ ಅದ್ದಿ ಕಪ್ಪು ಮಾಡಿ, ಉಬ್ಬನ್ನು ಮಾತ್ರ ಉಜ್ಜಿ ಬೆಳಗಿಸಿದರೆ ಕಂದು ಬಣ್ಣ ಒರೆಸಿದ ಹಾಗೇ ಕೆಲಸ ಮಾಡುತ್ತದೆ.

ಸಿನಿಮಾದ ಪಾತ್ರವನ್ನು ಮಾಡಿ ಮಾರಿದರೆ ಕಾಪಿರೈಟ್ ತೊಂದರೆ ಬರುತ್ತದಾ?

ನಾನು ವಕೀಲೆಯಲ್ಲ, ಆದರೂ ಇಷ್ಟು ಗೊತ್ತಿರಬೇಕು. ಭಾರತದಲ್ಲಿ ಸಿನಿಮಾದ ಕಾಪಿರೈಟ್ ಬಿಡುಗಡೆಯಾದ ಮುಂದಿನ ವರ್ಷದಿಂದ ಲೆಕ್ಕ ಹಾಕಿ 60 ವರ್ಷ. ಅಮೆರಿಕದಲ್ಲಿ ಹಳೆಯ ಚಿತ್ರಗಳಿಗೆ 95 ವರ್ಷ. ಹೊರದೇಶಕ್ಕೆ ಕಳಿಸುವವರು ಅಲ್ಲಿಯದನ್ನೂ ನೋಡಿಕೊಳ್ಳಬೇಕು. ಈಗಿನ ಸಿನಿಮಾದ ಪಾತ್ರವನ್ನು ಯಥಾವತ್ತಾಗಿ ಮಾಡಿ ಮಾರುವುದು ಬೇಡ.

ಮೇಲೆ ಹೇಳಿದ 1922ರ ಚಿತ್ರವೇ ಇದಕ್ಕೆ ಒಳ್ಳೆಯ ಕಥೆ. ಡ್ರಾಕುಲಾ ಕಾದಂಬರಿಯನ್ನು ಅನುಮತಿಯಿಲ್ಲದೆ ಬಳಸಿ, ಹೆಸರು ಮಾತ್ರ ಬದಲಿಸಿ ಮಾಡಿದ್ದರು. ಕಾದಂಬರಿ ಬರೆದ ಬ್ರಾಮ್ ಸ್ಟೋಕರ್ ಅವರ ಹೆಂಡತಿ ಕೋರ್ಟಿಗೆ ಹೋದರು. ಪ್ರತಿಗಳನ್ನೆಲ್ಲ ನಾಶ ಮಾಡಿ ಅಂತ ಆದೇಶವಾಯಿತು. ಕೆಲವು ಪ್ರತಿ ಹೇಗೋ ಉಳಿದವು, ಅದಕ್ಕೇ ನಾವು ಇವತ್ತು ಓಲೆ ಮಾಡುತ್ತಿದ್ದೇವೆ.

ಇನ್ನೊಂದು, ಫ್ರಾಂಕೆನ್‌ಸ್ಟೈನ್‌ನ ದೈತ್ಯ. ಕಾದಂಬರಿ 1818ರದ್ದು, ಯಾರು ಬೇಕಾದರೂ ಬಳಸಬಹುದು. ಆದರೆ ಚಪ್ಪಟೆ ತಲೆ, ಕತ್ತಿನಲ್ಲಿ ಬೋಲ್ಟು, ಅದು ಕಾದಂಬರಿಯದ್ದಲ್ಲ. 1931ರ ಹಾಲಿವುಡ್ ಚಿತ್ರಕ್ಕೆ ಜ್ಯಾಕ್ ಪಿಯರ್ಸ್ ಮಾಡಿದ ಮೇಕಪ್. ಆ ಮುಖವನ್ನು ಸ್ಟುಡಿಯೋ ತನ್ನದೆಂದು ಕಾಯ್ದುಕೊಂಡು ಬಂದಿದೆ. ಹಾಗಾದರೆ ಏನು ಮಾಡುವುದು? ಪುಸ್ತಕ ತೆಗೆಯಿರಿ. ಅಲ್ಲಿ ಅವನಿಗೆ ಹಳದಿ ಚರ್ಮ, ಹೊಳೆಯುವ ಕಪ್ಪು ಕೂದಲು, ಮುತ್ತಿನಂಥ ಹಲ್ಲು, ನೀರು ತುಂಬಿದ ಕಣ್ಣು, ಕಪ್ಪು ತುಟಿ. ನಾನು ಅದನ್ನೇ ಹಿಡಿದು ಮಾಡಿದೆ. ಬೋಲ್ಟಿಗಿಂತ ಆ ಕಪ್ಪು ತುಟಿಗೇ ಜನ ಜಾಸ್ತಿ ಬೆಚ್ಚುತ್ತಾರೆ.

ನಟರ ಮುಖದ ವಿಷಯ ಬೇರೆಯೇ. 2022ರಲ್ಲಿ ಅಮಿತಾಭ್ ಬಚ್ಚನ್ ಅವರ ಹೆಸರು, ದನಿ, ಚಿತ್ರಗಳನ್ನು ಒಪ್ಪಿಗೆಯಿಲ್ಲದೆ ಬಳಸದಂತೆ ದೆಹಲಿ ಹೈಕೋರ್ಟ್ ತಡೆ ಕೊಟ್ಟಿತು. ಪಾತ್ರ ಮಾಡಿ, ನಟರನ್ನು ಮಾಡಬೇಡಿ.

ದೈವದ ಮುಖ ಓಲೆಯಲ್ಲಿ ಮಾಡಿಕೊಡುತ್ತೀರಾ?

ಇಲ್ಲ. ಕರಾವಳಿಯ ದೈವಗಳ ಮೇಲೆ ಸಿನಿಮಾ ಬಂದ ಮೇಲೆ ಇದನ್ನು ಕೇಳುವವರು ಹೆಚ್ಚಾಗಿದ್ದಾರೆ. ಪಂಜುರ್ಲಿ ಹಾರರ್ ಪಾತ್ರವಲ್ಲ, ನಂಬಿದವರಿಗೆ ಅದು ಮನೆಯ ದೈವ. ವ್ಯಾಂಪೈರ್ ಪಕ್ಕದಲ್ಲಿ ತೂಗುಹಾಕಿ ಮಾರಲು ನನಗೆ ಮನಸ್ಸಿಲ್ಲ.

ಆದರೆ ಯಕ್ಷಗಾನದಿಂದ ಕಲಿಯಲು ಬಹಳ ಇದೆ. ಅದರ ತೆಂಕಣ ಶೈಲಿಯಾದ ತೆಂಕುತಿಟ್ಟಿನ ಬಣ್ಣದ ವೇಷ ಹತ್ತಿರದಿಂದ ನೋಡಿದ್ದೀರಾ? ರಾಕ್ಷಸ ಪಾತ್ರದ ಮುಖಕ್ಕೆ ಅಕ್ಕಿಹಿಟ್ಟು, ಸುಣ್ಣ ಕಲಸಿ ಚುಕ್ಕಿ ಚುಕ್ಕಿಯಾಗಿ ಚಿಟ್ಟಿ ಇಡುತ್ತಾರೆ. ಗಂಟೆಗಟ್ಟಲೆ ಹಿಡಿಯುತ್ತದೆ. ಆ ಬಿಳಿ ಮುಳ್ಳುಗಳ ಸಾಲು ಒಳಗಿನ ಕಪ್ಪು, ಕೆಂಪನ್ನು ಇನ್ನೂ ಆಳಕ್ಕೆ ತಳ್ಳುತ್ತದೆ. ವೇಷ ಕಟ್ಟುವ ಚೌಕಿಯಲ್ಲಿ ಕೂತು ಅದನ್ನು ನೋಡಿದ ಮೇಲೆ ನಾನು ಕಣ್ಣಿನ ಗುಳಿಯ ಸುತ್ತ ಗಸಗಸೆಯಷ್ಟು ಬಿಳಿ ಚುಕ್ಕಿಗಳನ್ನು ಇಡಲು ಶುರು ಮಾಡಿದೆ. ಗುಳಿಯನ್ನು ಒಂದು ಚೂರೂ ಆಳ ಮಾಡದೆ ಆಳ ಬಂತು.

ನಮ್ಮದೇ ದೆವ್ವ ಯಾವುದೂ ಇಲ್ಲವಾ?

ಯಾಕಿಲ್ಲ? ನನ್ನ ಮೇಜಿನ ಮೇಲೆ ಮೊದಲು ಖಾಲಿಯಾಗುವುದೇ 'ನಾಳೆ ಬಾ' ಓಲೆ. 90ರ ದಶಕದಲ್ಲಿ ಬೆಂಗಳೂರಿನಲ್ಲೂ ಹಳ್ಳಿಗಳಲ್ಲೂ ಬಾಗಿಲ ಮೇಲೆ, ಗೋಡೆ ಮೇಲೆ ಬರೆದಿದ್ದು ನೆನಪಿದೆಯಲ್ವಾ? ರಾತ್ರಿ ಮನೆಯವರ ದನಿಯಲ್ಲಿ ಕರೆಯುವ ದೆವ್ವ, ಓದಿ ವಾಪಸ್ ಹೋಗಿ ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ ಅನ್ನುವ ಕಥೆ. 2018ರಲ್ಲಿ ಹಿಂದಿಯಲ್ಲೂ ಇದೇ ನಂಬಿಕೆಯ ಮೇಲೆ ಸಿನಿಮಾ ಬಂತು.

ಮೊದಲು ಕೂದಲು ಕೆದರಿದ ಹೆಂಗಸಿನ ಮುಖ ಮಾಡಿದೆ. ಎಲ್ಲ ಕಡೆ ಸಿಗುವಂಥದ್ದೇ ಆಯಿತು. ಆಮೇಲೆ ಮುಖ ಬಿಟ್ಟೆ. ಈಗ ಇರುವುದು ಮೂರು ಸೆಂಟಿಮೀಟರ್ ಎತ್ತರದ ನೀಲಿ ಬಾಗಿಲು, ಅದರ ಮೇಲೆ ಸುಣ್ಣದಲ್ಲಿ ಬರೆದ ಹಾಗೆ 'ನಾಳೆ ಬಾ'. ಬಾಗಿಲು ಕೂದಲೆಳೆಯಷ್ಟು ತೆರೆದಿದೆ. ಸಂದಿನಲ್ಲಿ ನಾಲ್ಕು ಬೆರಳ ತುದಿ, ಅಷ್ಟೇ. ಬೆರಳು ಒಳಗಿನಿಂದ ಬಂದಿದೆ. ಅದನ್ನು ಗಮನಿಸಿದವರು ಒಂದು ಕ್ಷಣ ತಡೆದು ಮತ್ತೆ ನೋಡುತ್ತಾರೆ.

ಅಕ್ಷರ ಬರೆಯುವುದೇ ದೊಡ್ಡ ಕಷ್ಟ. ಕನ್ನಡದ ಅಕ್ಷರ ದುಂಡು. ಮೂರು ಮಿಲಿಮೀಟರಿನಲ್ಲಿ 'ಳೆ' ಒಳಗಿನ ಸುಳಿ ಮುಚ್ಚಿಹೋಗುತ್ತದೆ. ಸೂಜಿಯಲ್ಲಿ ಮೊದಲು ಗೀರಿ, ಬೇಯಿಸಿ, ಗೀರಿಗೆ ಬಿಳಿ ಬಣ್ಣ ತುಂಬಿ ಒರೆಸಿದರೆ ನಿಲ್ಲುತ್ತದೆ.

ಎಷ್ಟು ಸಲ ತಿದ್ದಬೇಕು? ಯಾವಾಗ ನಿಲ್ಲಿಸಬೇಕು?

ಹಸಿ ಮುಖವನ್ನು ಒಂದು ರಾತ್ರಿ ಡಬ್ಬಿಯಲ್ಲಿ ಮುಚ್ಚಿಡಿ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಮುಚ್ಚಳ ತೆಗೆದ ಕೂಡಲೇ ಕಣ್ಣಿಗೆ ಚುಚ್ಚುವುದು ಏನೋ ಅದನ್ನು ಮಾತ್ರ ತಿದ್ದಿ, ಬೇಯಿಸಿಬಿಡಿ. ನಾನು ಒಂದು ಅಸ್ಥಿಪಂಜರದ ತಲೆಯನ್ನು ಹನ್ನೊಂದು ಸಲ ತಿದ್ದಿ ಕೊನೆಗೆ ಮೊದಲನೆಯ ಫೋಟೋ ನೋಡಿದೆ. ಮೊದಲನೆಯದೇ ಚೆನ್ನಾಗಿತ್ತು. ಈಗ ಪ್ರತಿ ಹಂತಕ್ಕೂ ಫೋಟೋ ತೆಗೆದಿಡುತ್ತೇನೆ.

ಗಿರಾಕಿ ಹೇಳಿ ಮಾಡಿಸುವುದಾದರೆ ಎರಡು ಸಲ ತಿದ್ದುವುದಷ್ಟೇ, ಅದೂ ಬೇಯಿಸುವ ಮೊದಲು. ಹೀಗೆ ಮೊದಲೇ ಹೇಳದೆ ಒಪ್ಪಿಕೊಂಡು ಒಬ್ಬರ ಪದಕಕ್ಕೆ ಒಂದು ತಿಂಗಳು ಕೂತಿದ್ದೆ. 'ಇನ್ನೂ ಸ್ವಲ್ಪ ಭಯಾನಕ, ಆದರೆ ಮುದ್ದಾಗೂ ಇರಲಿ' ಅನ್ನುತ್ತಿದ್ದರು.

ಇಷ್ಟು ಚಿಕ್ಕದಕ್ಕೆ ಇಷ್ಟು ದುಡ್ಡಾ?

ಒಂದು ಜೊತೆಗೆ ಐದರಿಂದ ಆರು ಗಂಟೆ. ಚಿಕ್ಕದಾದಷ್ಟೂ ಹೊತ್ತು ಜಾಸ್ತಿ.

ಬಿದ್ದು ಕಿವಿ ಮುರಿಯಿತು. ಬಿಸಾಕಬೇಕಾ?

ಬೇಡ. ಬೆಂದ ಕ್ಲೇಯನ್ನು ಮತ್ತೆ ಬೇಯಿಸಬಹುದು. ಮುರಿದ ಜಾಗವನ್ನು ಸ್ವಲ್ಪ ಉಜ್ಜಿ ಒರಟು ಮಾಡಿ, ದ್ರವ ಪಾಲಿಮರ್ ಕ್ಲೇ ಒಂದು ಹನಿ ಹಚ್ಚಿ, ಹಸಿ ಕ್ಲೇಯಲ್ಲಿ ಹೊಸ ಕಿವಿ ಕಟ್ಟಿ, ಮತ್ತೆ ಅದೇ ಬಿಸಿಯಲ್ಲಿ ಬೇಯಿಸಿ. ರೆಸಿನ್ ಹಚ್ಚಿದ್ದರೆ ಅದನ್ನು ಮೊದಲು ಉಜ್ಜಿ ತೆಗೆಯಿರಿ, ಬಿಸಿಗೆ ಹಳದಿಯಾಗುತ್ತದೆ. ಸೂಪರ್ ಗ್ಲೂ ಅವಸರಕ್ಕೆ ಪರವಾಗಿಲ್ಲ, ಕಾಲ ಕಳೆದಂತೆ ಬಿಡುತ್ತದೆ. ನನ್ನಿಂದ ಕೊಂಡದ್ದಾದರೆ ಮುರಿದ ತುಂಡನ್ನೂ ಜೊತೆಗೆ ತನ್ನಿ, ಬಣ್ಣ ಹೊಂದಿಸಲು ಬೇಕು.